ವೃದ್ಧರ ವಸತಿಯೂ ಪಂಚಾಯತಿನ ಪರಿಶೀಲನೆಯೂ

ನಮ್ಮ ಬಾಯಾರಿನಲ್ಲಿ ವೃದ್ಧರಿಗಾಗಿ ವಸತಿಗೃಹವೊಂದನ್ನು ಕಟ್ಟಲು ಯಾರಾದರೂ ಹೊರಟರೆಂದು ಭಾವಿಸೋಣ. ಉದ್ದೇಶವು ಸ್ತುತ್ಯವೇ. ಜಿಲ್ಲೆಗೊಂದಾದರೂ ವೃದ್ಧಾಶ್ರಮವಿರಬೇಕೆಂಬುದು 2007ರ ಹಿರಿಯ ನಾಗರಿಕರ ಕಾಯಿದೆಯ ಆಶಯವೂ ಹೌದು. ಆದರೂ ಅದರ ನಕ್ಷೆಯು ಪೈವಳಿಕೆ ಗ್ರಾಮ ಪಂಚಾಯತಿನ ಕಾರ್ಯದರ್ಶಿಯವರ ಮುಂದೆ ಬರಲೇಬೇಕು. ಪುಣ್ಯಕಾರ್ಯಕ್ಕೂ ಪರೀಕ್ಷೆಯೇಕೆ?

ಮೊದಲು ನೀರನ್ನು ನೋಡೋಣ. ನಮ್ಮದು ಮುರಕಲ್ಲಿನ ನೆಲ. ಅದರ ರಂಧ್ರಗಳಲ್ಲಿ ಇಳಿದ ಮಳೆನೀರೇ ನಮ್ಮ ಬಾವಿಗಳಿಗೂ ಸುರಂಗಗಳಿಗೂ ಜೀವ. ಮಲಿನಜಲವೂ ಅದೇ ದಾರಿಯಲ್ಲಿ ಇಳಿಯಬಲ್ಲುದು. ಆದುದರಿಂದಲೇ ಕುಡಿಯುವ ನೀರಿನ ಬಾವಿಗೂ ಶೌಚದ ಇಂಗುಗುಂಡಿಗೂ ನಡುವೆ 7.5 ಮೀಟರು ಅಂತರವನ್ನು ಕೇರಳದ ಕಟ್ಟಡ ನಿಯಮಗಳು ವಿಧಿಸಿವೆ. ಹಲವರು ವಾಸಿಸುವ ಗೃಹವು ಗುಡ್ಡದ ಮೇಲಿದ್ದರೆ ಇಷ್ಟೇ ಸಾಕೆಂದು ನಾವು ನಂಬಲಾರೆವು. ಕೆಳಗೆ ಯಾರ ಯಾರ ಬಾವಿಗಳಿವೆಯೆಂದು ಅಧಿಕಾರಿಗಳು ನಡೆದೇ ನೋಡಬೇಕು.

ಇನ್ನು ಮೆಟ್ಟಿಲಿನ ಮಾತು. ಗಾಲಿಕುರ್ಚಿಯು 1 ಅಡಿ ಏರಲು 12 ಅಡಿ ಉದ್ದದ ಇಳಿಜಾರು ಬೇಕೆಂಬುದು ಸಾಮಾನ್ಯ ಪ್ರಮಾಣ. 3 ಅಡಿ ಎತ್ತರದ ಜಗಲಿಗೆಷ್ಟು ಬೇಕೆಂದು ಬಾಲಕರು ಲೆಕ್ಕ ಹಾಕಲಿ. (ಮನೆಯ ಅಜ್ಜಂದಿರ ಕಷ್ಟವೂ ಆಗ ತಿಳಿದೀತು!)

ಅನುಮತಿ ಕೊಡುವವರು ಕಾರ್ಯದರ್ಶಿಗಳು, ಗ್ರಾಮಸಭೆಯಲ್ಲ. ಆದರೆ ನೆರೆಯವರು ತಮ್ಮ ಸಂದೇಹವನ್ನು ಬರೆದು ತಿಳಿಸಬಹುದು, ಅದೂ ಕನ್ನಡದಲ್ಲಿಯೇ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ಕಾಸರಗೋಡಿನ ಕನ್ನಡಿಗರಿಗೆ ಆ ಹಕ್ಕುಂಟು. ಬರೆಯುವ ಮೊದಲು ಬಾವಿಯಿಂದ ಗುಂಡಿಗಿರುವ ದೂರವನ್ನು ಹಗ್ಗ ಹಿಡಿದು ಅಳೆದುಕೊಳ್ಳಲಿ.