ಅಧಿಕ ಸೆಕೆಂಡು ಮತ್ತು ನಮ್ಮ ಸೂರ್ಯೋದಯ

ಚಾಂದ್ರವರ್ಷಕ್ಕೆ ಸುಮಾರು 354 ದಿನಗಳು, ಸೌರವರ್ಷಕ್ಕೆ 365 ದಿನಗಳು. ಪ್ರತಿವರ್ಷ ಉಳಿಯುವ ಹನ್ನೊಂದು ದಿನಗಳ ಅಂತರವು ಬೆಳೆದು, ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಅಧಿಕಮಾಸವಾಗಿ ಪರಿಣಮಿಸುತ್ತದೆಂಬುದು ಆಸ್ತಿಕರೆಲ್ಲರಿಗೂ ತಿಳಿದ ವಿಷಯ. ಆದರೆ ನಮ್ಮ ಮನೆಯ ಗಡಿಯಾರಕ್ಕೂ ಇಂತಹುದೇ ಒಂದು ‘ಅಧಿಕ’ ಉಂಟೆಂಬುದನ್ನು ಬಲ್ಲವರು ವಿರಳ. 2017ರ ಜನವರಿ 1ರಂದು ಬೆಳಿಗ್ಗೆ ಭಾರತೀಯ ಕಾಲಮಾನದಲ್ಲಿ 5 ಗಂಟೆ 29 ನಿಮಿಷ 59 ಸೆಕೆಂಡುಗಳ ಅನಂತರ 5:30 ಆಗಲಿಲ್ಲ. ನಡುವೆ ‘60ನೆಯ ಸೆಕೆಂಡು’ ಎಂಬುದೊಂದು ಬಂದು ಹೋಯಿತು. ದೇಶದ ಅಧಿಕೃತ ಸಮಯವನ್ನು ಪಾಲಿಸುವ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಅದನ್ನು ತನ್ನ ಗಡಿಯಾರಕ್ಕೆ ಸೇರಿಸಿತು. ಇದಕ್ಕೆ ‘ಲೀಪ್ ಸೆಕೆಂಡ್’ ಎಂದು ಹೆಸರು.

ಇದರ ಅಗತ್ಯವೇನು? ಕಾಲವನ್ನು ಅಳೆಯಲು ಇಂದು ಎರಡು ಮಾನಗಳಿವೆ. ಒಂದು ಭೂಮಿಯ ಆವರ್ತನೆ. ಉದಯದಿಂದ ಉದಯಕ್ಕೆ ಅರುವತ್ತು ಘಟಿ ಎಂಬ ನಮ್ಮ ಗಣನೆ ಇದರ ಮೇಲೆಯೇ ನಿಂತಿದೆ. ಇನ್ನೊಂದು ಪರಮಾಣು ಗಡಿಯಾರ. 1967ರಲ್ಲಿ ಸೀಸಿಯಂ ಪರಮಾಣುವಿನ 9,192,631,770 ಸ್ಪಂದನಗಳ ಅವಧಿಯೇ ಒಂದು ಸೆಕೆಂಡು ಎಂದು ಅಂತಾರಾಷ್ಟ್ರೀಯವಾಗಿ ನಿಶ್ಚಯಿಸಲಾಯಿತು. ಪರಮಾಣುವು ಎಂದೂ ತಪ್ಪದು. ಭೂಮಿಯಾದರೋ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಚಂದ್ರನ ಆಕರ್ಷಣೆಯಿಂದ ಸಮುದ್ರದಲ್ಲಿ ಉಂಟಾಗುವ ಉಬ್ಬರವಿಳಿತಗಳ ಘರ್ಷಣೆಯು ಭೂಮಿಯ ಆವರ್ತನೆಯನ್ನು ಮೆಲ್ಲಮೆಲ್ಲನೆ ತಡೆಯುತ್ತಿದೆ. ಅದರ ಪ್ರತಿಫಲವಾಗಿ ಚಂದ್ರನು ವರ್ಷಕ್ಕೆ ಸುಮಾರು 3.8 ಸೆಂಟಿಮೀಟರಿನಷ್ಟು ದೂರ ಸರಿಯುತ್ತಿದ್ದಾನೆ.

ಭೂಮಿಯು ವರ್ಷಕ್ಕೊಂದು ಸೆಕೆಂಡಿನಷ್ಟು ನಿಧಾನವಾಗುತ್ತಿದೆ ಎಂದು ಕೆಲವರು ಬರೆಯುವುದುಂಟು. ಅದು ಸರಿಯಲ್ಲ. ದಿನದ ಅವಧಿ ಹೆಚ್ಚುವುದು ಶತಮಾನಕ್ಕೆ ಎರಡು ಮಿಲಿಸೆಕೆಂಡಿಗಿಂತಲೂ ಕಡಿಮೆ. ಆದರೆ ದಿನವೊಂದು 86,400 ಸೆಕೆಂಡುಗಳಿಗಿಂತ ಎರಡು ಮಿಲಿಸೆಕೆಂಡು ದೀರ್ಘವಾಗಿದ್ದರೆ, ಐನೂರು ದಿನಗಳಲ್ಲಿ ಆ ಶೇಷವೇ ಕೂಡಿ ಒಂದು ಪೂರ್ಣ ಸೆಕೆಂಡಾಗುತ್ತದೆ. ಅಲ್ಪವೆಂದು ಇದನ್ನು ಕಡೆಗಣಿಸುವಂತಿಲ್ಲ. ಕ್ರಿಸ್ತಪೂರ್ವ 136ರಲ್ಲಿ ಬ್ಯಾಬಿಲೋನಿನಲ್ಲಿ ಖಗ್ರಾಸ ಸೂರ್ಯಗ್ರಹಣ ಕಂಡಿತೆಂದು ಅಲ್ಲಿನ ಜ್ಯೋತಿರ್ವಿದರು ಜೇಡಿಮಣ್ಣಿನ ಫಲಕಗಳಲ್ಲಿ ದಾಖಲಿಸಿದ್ದಾರೆ. ಭೂಮಿಯ ವೇಗವು ಅಂದಿನಿಂದ ಬದಲಾಗಿಲ್ಲವೆಂದು ಭಾವಿಸಿ ಗಣಿತ ಮಾಡಿದರೆ, ಆ ಗ್ರಹಣವು ಬ್ಯಾಬಿಲೋನಿನಲ್ಲಿ ಅಲ್ಲ, ಸಾವಿರಾರು ಕಿಲೋಮೀಟರ್ ಪಶ್ಚಿಮದಲ್ಲಿ ಕಾಣಬೇಕಿತ್ತು. ಮಿಲಿಸೆಕೆಂಡುಗಳು ಎರಡು ಸಹಸ್ರ ವರ್ಷಗಳಲ್ಲಿ ಕೂಡಿ ಸುಮಾರು ಮೂರೂಕಾಲು ಗಂಟೆಗಳಾಗಿವೆ!

ಈ ಎರಡು ಮಾನಗಳು 0.9 ಸೆಕೆಂಡಿಗಿಂತ ಹೆಚ್ಚು ಅಗಲದಂತೆ ಬೇಕಾದಾಗ ಒಂದೊಂದು ಸೆಕೆಂಡನ್ನು ಸೇರಿಸುವ ಪದ್ಧತಿಯು 1972ರಲ್ಲಿ ಆರಂಭವಾಯಿತು. ಇಲ್ಲಿಯವರೆಗೆ 27 ಬಾರಿ ಸೇರಿಸಲಾಗಿದೆ. ಮೇಲೆ ಹೇಳಿದ್ದೇ ಕೊನೆಯದು. ಅಧಿಕಮಾಸಕ್ಕೂ ಇದಕ್ಕೂ ಒಂದು ದೊಡ್ಡ ಭೇದವಿದೆ. ನೂರು ವರ್ಷಗಳ ಮುಂದಿನ ಅಧಿಕಮಾಸವನ್ನು ಪಂಚಾಂಗಕರ್ತರು ಇಂದೇ ಗಣಿಸಬಲ್ಲರು. ಅಧಿಕ ಸೆಕೆಂಡನ್ನು ಹಾಗೆ ಗಣಿಸಲಾಗದು. ಭೂಮಿಯನ್ನು ಅಳೆದು ನೋಡಿ, ಆರು ತಿಂಗಳ ಮುಂಚೆ ಪ್ರಕಟಿಸುತ್ತಾರೆ. ಭೂಗರ್ಭದ ದ್ರವಗಳ ಚಲನೆ, ಧ್ರುವಪ್ರದೇಶದ ಹಿಮ ಕರಗುವಿಕೆ, ಗಾಳಿಯ ಓಟ, ಇವೆಲ್ಲವೂ ಭೂಮಿಯ ವೇಗವನ್ನು ತುಸು ಏರಿಳಿಸುತ್ತವೆ. 2020ರಿಂದೀಚೆಗಂತೂ ಭೂಮಿಯು ನಿರೀಕ್ಷೆಗೆ ವಿರುದ್ಧವಾಗಿ ವೇಗ ಪಡೆದಿದೆ. 2024ರ ಜುಲೈ 5ರ ದಿನವು 1.66 ಮಿಲಿಸೆಕೆಂಡಿನಷ್ಟು ಚಿಕ್ಕದಾಗಿತ್ತು. ಹೀಗೆಯೇ ಮುಂದುವರಿದರೆ ಒಂದು ಸೆಕೆಂಡನ್ನು ಕಳೆಯಬೇಕಾದೀತು. 1982-83ರಲ್ಲಿ ಬಂದ ಕ್ಷಯಮಾಸದಂತೆ ಇದೊಂದು ‘ಕ್ಷಯ ಸೆಕೆಂಡು’! ಅಂತಹುದು ಈವರೆಗೆ ಒಮ್ಮೆಯೂ ಬಂದಿಲ್ಲ.

ಗಣಕಯಂತ್ರಗಳಿಗೆ ಈ ಅಧಿಕವು ಹಿಡಿಸದು. ಒಂದು ನಿಮಿಷಕ್ಕೆ 61 ಸೆಕೆಂಡುಗಳೆಂದರೆ ಅವು ತಬ್ಬಿಬ್ಬಾಗುತ್ತವೆ. 2012ರ ಜೂನ್ 30ರ ಅಧಿಕ ಸೆಕೆಂಡಿನಿಂದ ಹಲವು ಗಣಕಜಾಲಗಳು ಸ್ಥಗಿತಗೊಂಡವು. ಆಸ್ಟ್ರೇಲಿಯಾದ ವಿಮಾನ ಪ್ರಯಾಣಿಕರು ಗಂಟೆಗಟ್ಟಲೆ ಕಾಯಬೇಕಾಯಿತು. ಆದ್ದರಿಂದ 2022ರ ನವೆಂಬರಿನಲ್ಲಿ ಫ್ರಾನ್ಸಿನಲ್ಲಿ ಸೇರಿದ ತೂಕ ಮತ್ತು ಅಳತೆಗಳ ಮಹಾಸಮ್ಮೇಳನವು, 2035ರೊಳಗೆ ಈ 0.9 ಸೆಕೆಂಡಿನ ಮಿತಿಯನ್ನು ಹಿಗ್ಗಿಸಬೇಕೆಂದು ನಿರ್ಣಯಿಸಿತು. ಅಂದರೆ ಗಡಿಯಾರಕ್ಕೂ ಸೂರ್ಯನಿಗೂ ಇರುವ ಗಂಟನ್ನು ಬಿಚ್ಚುವುದಿಲ್ಲ, ಸಡಿಲಿಸುತ್ತಾರೆ.

ಹಾಗಾದರೆ ನಮ್ಮ ಪಂಚಾಂಗದ ಗತಿಯೇನೆಂದು ಶಂಕೆ ಬರಬಹುದು. ಭಯಕ್ಕೆ ಕಾರಣವಿಲ್ಲ. ಒಂದು ವಿಘಟಿಗೆ 24 ಸೆಕೆಂಡುಗಳು. ಐವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಸೇರಿದ 27 ಸೆಕೆಂಡುಗಳೆಲ್ಲ ಕೂಡಿದರೂ ಒಂದು ವಿಘಟಿ ದಾಟಿ ಮೂರು ಸೆಕೆಂಡು, ಅಷ್ಟೆ. ನಗರವಾಸಿಗಳು ನಿಜವಾಗಿ ಗಮನಿಸಬೇಕಾದದ್ದು ಬೇರೆ. ಭಾರತೀಯ ಕಾಲಮಾನವು 82½ ಅಂಶ ಪೂರ್ವ ರೇಖಾಂಶಕ್ಕೆ ಸೇರಿದ್ದು. ಮುಂಬಯಿಯ ಸ್ವಂತ ಸಮಯವು ಅದಕ್ಕಿಂತ 39 ನಿಮಿಷ ಹಿಂದೆ. ಈ ‘ಬಾಂಬೆ ಟೈಮ್’ 1955ರವರೆಗೂ ಆ ನಗರದಲ್ಲಿ ಬಳಕೆಯಲ್ಲಿತ್ತು. ಪುಣೆಗೆ ಸುಮಾರು 35, ದೆಹಲಿಗೆ 21, ಹೈದರಾಬಾದಿಗೆ 16, ಚೆನ್ನೈಗೆ 9 ನಿಮಿಷಗಳ ಅಂತರ.

ಏಕಾದಶಿಯ ಉದಾಹರಣೆ ನೋಡೋಣ. ಸೂರ್ಯೋದಯಕ್ಕೆ ನಾಲ್ಕು ಘಟಿ, ಎಂದರೆ 96 ನಿಮಿಷ ಮೊದಲು ಅರುಣೋದಯ. ಆ ಕಾಲಕ್ಕೆ ದಶಮಿಯ ವೇಧವಿದ್ದರೆ ಆ ಏಕಾದಶಿ ಉಪವಾಸಕ್ಕೆ ಸಲ್ಲದು. ಜನವರಿಯ ಮಧ್ಯದಲ್ಲಿ ಮುಂಬಯಿಯ ಸೂರ್ಯೋದಯ ಸುಮಾರು 7:14ಕ್ಕೆ, ಚೆನ್ನೈಯದು 6:35ಕ್ಕೆ. ದಶಮಿಯು ಬೆಳಿಗ್ಗೆ 5:15ಕ್ಕೆ ಮುಗಿಯಿತೆಂದಿಟ್ಟುಕೊಂಡರೆ, 5:38ಕ್ಕೆ ಅರುಣೋದಯವಾಗುವ ಮುಂಬಯಿಯಲ್ಲಿ ವೇಧವಿಲ್ಲ. 4:59ಕ್ಕೇ ಅರುಣೋದಯವಾದ ಚೆನ್ನೈಯಲ್ಲಿ ವೇಧವುಂಟು. ಇಂತಹ ಸಂದೇಹಸ್ಥಳದಲ್ಲಿ ತಾವೇ ನಿರ್ಣಯಿಸದೆ ತಮ್ಮ ಮಠದ ಪಂಚಾಂಗವನ್ನೇ ಅನುಸರಿಸುವುದು ಲೇಸು.

ಪಂಚಾಂಗದಲ್ಲಿ ಘಟಿ-ವಿಘಟಿಗಳಲ್ಲಿ ಕೊಟ್ಟ ತಿಥಿಯ ಅಂತ್ಯವನ್ನು ಅನೇಕರು ತಮ್ಮ ನಗರದ ಸೂರ್ಯೋದಯಕ್ಕೆ ಕೂಡಿಸುತ್ತಾರೆ. ಇದು ಯುಕ್ತವಲ್ಲ. ಸೂರ್ಯಚಂದ್ರರ ಅಂತರದಿಂದ ಆಗುವ ತಿಥ್ಯಂತ್ಯವು ಎಲ್ಲೆಡೆಯೂ ಒಂದೇ ಕ್ಷಣ. ಪಂಚಾಂಗವನ್ನು ಯಾವ ಊರಿಗೆ ಗಣಿಸಿದೆಯೋ ಆ ಊರಿನ ಸೂರ್ಯೋದಯಕ್ಕೆ ಘಟಿಗಳನ್ನು ಕೂಡಿಸಿದರೆ ಗಡಿಯಾರದ ಸಮಯ ದೊರೆಯುತ್ತದೆ. ಅದು ಭಾರತಕ್ಕೆಲ್ಲ ಅನ್ವಯಿಸುತ್ತದೆ. ಪಾರಣೆಗೂ ಪ್ರಾತಃಸಂಧ್ಯೆಗೂ ಮಾತ್ರ ತಾವಿರುವ ಊರಿನ ಉದಯವನ್ನೇ ನೋಡಬೇಕು. ಉಡುಪಿ ಮತ್ತು ಚೆನ್ನೈಗಳು ಬಹುತೇಕ ಒಂದೇ ಅಕ್ಷಾಂಶದಲ್ಲಿದ್ದರೂ ಅವುಗಳ ಸೂರ್ಯೋದಯಗಳ ನಡುವೆ 22 ನಿಮಿಷಗಳ ಅಂತರವಿದೆ. ವಿಘಟಿಗಳ ಲೆಕ್ಕದಲ್ಲಿ ಅದು ಐವತ್ತೈದು.