ಬಸಿರಿನಲ್ಲಿ ಥೈರಾಯ್ಡ್ ಮಾತ್ರೆ ಬಿಡಬಾರದು

ಗರ್ಭ ನಿಂತಿತೆಂದು ತಿಳಿದೊಡನೆ, ಕೂಸಿಗೆ ಎಲ್ಲಿ ಕೇಡಾದೀತೋ ಎಂಬ ಅಳುಕಿನಿಂದ ಥೈರಾಯ್ಡ್ ಮಾತ್ರೆಯನ್ನು ಕೈಬಿಡುವ ತಾಯಂದಿರಿದ್ದಾರೆ. ಅಳುಕು ಸಹಜವಾದರೂ, ಕೇಡಾಗುವುದು ಮಾತ್ರೆ ಬಿಟ್ಟಾಗಲೇ.

ಕೊರಳಿನ ಮುಂಭಾಗದ ಥೈರಾಯ್ಡ್ ಗ್ರಂಥಿಯು ಥೈರಾಕ್ಸಿನ್ ಎಂಬ ಹಾರ್ಮೋನನ್ನು ಸಾಕಷ್ಟು ಸ್ರವಿಸದ ಸ್ಥಿತಿಯನ್ನು ಹೈಪೊಥೈರಾಯ್ಡಿಸಂ ಎನ್ನುತ್ತಾರೆ; ಆ ಕೊರತೆಯನ್ನು ತುಂಬುವುದೇ ಈ ಮಾತ್ರೆ. ಭ್ರೂಣದ ಸ್ವಂತ ಗ್ರಂಥಿಯು ಸುಮಾರು 12 ವಾರಗಳ ಹೊತ್ತಿಗಷ್ಟೇ ಕೆಲಸ ತೊಡಗುವುದರಿಂದ, ಅಲ್ಲಿಯವರೆಗೆ ಅದರ ಮಿದುಳಿನ ಬೆಳವಣಿಗೆಗೆ ಬೇಕಾದ ಥೈರಾಕ್ಸಿನ್ ತಾಯಿಯಿಂದಲೇ ಬರಬೇಕು. ಅದು ತೀರ ಕಡಿಮೆಯಾದರೆ ಗರ್ಭಪಾತ, ಅಧಿಕ ರಕ್ತದೊತ್ತಡ, ಅವಧಿಗೆ ಮುನ್ನ ಹೆರಿಗೆ, ಶಿಶುವಿನ ತೂಕದ ಕೊರತೆ ಇವುಗಳ ಸಂಭವ ಹೆಚ್ಚುತ್ತದೆ, ಮಗುವಿನ ಬುದ್ಧಿಯ ಬೆಳವಣಿಗೆಯೂ ಕುಂಠಿತವಾಗಬಹುದು. ಆಯಾಸ, ಮಲಬದ್ಧತೆ, ಮೈತೂಕದ ಏರಿಕೆ ಮೊದಲಾಗಿ ಮನೆಯ ಹಿರಿಯರು ಬಸಿರಿಗೆ ಸಹಜವೆಂದು ತಳ್ಳಿಹಾಕುವ ಲಕ್ಷಣಗಳೇ ಹೈಪೊಥೈರಾಯ್ಡಿಸಂನವೂ ಆಗಿರುವುದರಿಂದ, ಟಿಎಸ್‌ಎಚ್ ಎಂಬ ರಕ್ತಪರೀಕ್ಷೆಯನ್ನು ನಂಬುವುದೇ ಲೇಸು.

ಮಾತ್ರೆಯನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಚಹಾ ಕುಡಿಯಲು ಅರ್ಧ ಗಂಟೆಯಾದರೂ ತಡೆಯಬೇಕು. ಗರ್ಭಿಣಿಯರಿಗೆ ಕೊಡುವ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಅದನ್ನು ಮೈಗೆ ಹತ್ತಗೊಡುವುದಿಲ್ಲವಾದ್ದರಿಂದ ನಡುವೆ 4 ಗಂಟೆಗಳ ಅಂತರವಿರಲಿ. ಎಲ್ಲವನ್ನೂ ಒಂದೇ ಗುಟುಕಿಗೆ ನುಂಗಿ ಮುಗಿಸುವ ಅವಸರ ಬೇಡ. ಬಸಿರಿನಲ್ಲಿ ಪ್ರಮಾಣ ಹೆಚ್ಚಿಸಬೇಕಾಗುವುದು ಸಾಮಾನ್ಯವಾದರೂ ಅದನ್ನು ನಿರ್ಧರಿಸಬೇಕಾದವರು ವೈದ್ಯರು.

ಆದವಾನಿ, ಕೋಸಿಗಿ, ಮಂತ್ರಾಲಯದ ಸೀಮೆಯಿಂದ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಗುಳೆ ಹೋಗುವ ಕುಟುಂಬಗಳಲ್ಲಿ ಗರ್ಭಿಣಿಯರಿದ್ದರೆ, ರೊಟ್ಟಿಯ ಬುತ್ತಿಯೊಡನೆ ಅಷ್ಟೂ ದಿನಗಳ ಮಾತ್ರೆಗಳನ್ನೂ ಪರೀಕ್ಷೆಯ ಚೀಟಿಯನ್ನೂ ಕಟ್ಟಿಕೊಳ್ಳಬೇಕು.