ಮಗಳ ರಜೆ ಯಾರ ಮನೆಯಲ್ಲಿ?

ರಾಯಚೂರಿನಿಂದ ಬಂದು ಹೈದರಾಬಾದಿನ ಉಪ್ಪಲ್‌ನಲ್ಲಿ ಸಂಸಾರ ಹೂಡಿದವರು ನಾವು. ಅದು ಮುರಿದಾಗ ಮೊದಲು ಸೇರಿದ್ದು ಎರಡೂ ಕಡೆಯ ಹಿರಿಯರ ಪಂಚಾಯ್ತಿ. "ಹೆಣ್ಣುಮಗು ಅದ, ಹೊಂದ್ಕೊಂಡು ಹೋಗವ್ವ" ಎಂದರು. ಮಾತು ಬೆಳೆದು ಮದುವೆಯಲ್ಲಿ ಹಾಕಿದ ಬಂಗಾರದ ಲೆಕ್ಕಕ್ಕೆ ಬಂತು. ಮಗಳು ಎಲ್ಲಿರಬೇಕು ಎಂಬ ಮಾತನ್ನು ಯಾರೂ ಎತ್ತಲಿಲ್ಲ.

ಆ ಮಾತು ಬಂದದ್ದು ಕೌಟುಂಬಿಕ ನ್ಯಾಯಾಲಯ ನಮ್ಮನ್ನು ಮಧ್ಯಸ್ಥಿಕೆಗೆ ಕಳಿಸಿದ ಮೇಲೆ. ಮಧ್ಯಸ್ಥರಾಗಿದ್ದ ವಕೀಲೆ ತಪ್ಪು ಯಾರದೆಂದು ಕೇಳಲೇ ಇಲ್ಲ. ಶಾಲೆಯ ಫೀಸು ಯಾರು ಕಟ್ಟುತ್ತೀರಿ, ಮಗುವಿಗೆ ಜ್ವರ ಬಂದರೆ ಫೋನ್ ಯಾರಿಗೆ ಹೋಗುತ್ತದೆ ಎಂದು ಕೇಳಿದರು. ಇಲ್ಲಿ ಆಡಿದ್ದು ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ ಎಂದು ಮೊದಲೇ ತಿಳಿಸಿದ್ದರು. ಆ ಧೈರ್ಯಕ್ಕೇ ಇರಬೇಕು, ಮಗಳ ತಂದೆ ಯಾರಿಗೂ ಹೇಳದ ಸಾಲದ ವಿಷಯ ಬಿಚ್ಚಿಟ್ಟರು. ಜೀವನಾಂಶದ ಮಾತು ಬಂದಾಗಲೆಲ್ಲ ಯಾಕೆ ಸಿಡುಕುತ್ತಿದ್ದರೆಂದು ಆಗ ತಿಳಿಯಿತು.

ನಾವು ಮತ್ತೆ ಕೂಡಲಿಲ್ಲ. ಆದರೆ ಒಪ್ಪಂದ ಕಾಗದಕ್ಕಿಳಿಯಿತು: ಮಗಳು ಉಪ್ಪಲ್‌ನಲ್ಲಿ ನನ್ನ ಜೊತೆ, ದಸರಾ ರಜೆ ಪೂರ್ತಿ ರಾಯಚೂರಿನಲ್ಲಿ ತಂದೆಯ ಹತ್ತಿರ, ಕರೆದೊಯ್ಯುವುದು ಅವರು, ಕರೆತರುವುದು ನಾನು, ಫೀಸು ನೇರವಾಗಿ ಶಾಲೆಗೆ. ಅಜ್ಜಿಯ ಫೋನಿಗೆ ತಡೆಯಿಲ್ಲ ಎಂಬ ಸಾಲನ್ನು ನಾನೇ ಬರೆಸಿದೆ. ಶಾಲೆಯಲ್ಲಿ, ಓಣಿಯಲ್ಲಿ ತೆಲುಗೇ ಆಡುವ ಹುಡುಗಿಗೆ ಅಜ್ಜಿಯ ಕತೆಗಳು ಬೇಕು. ತೀರ್ಪು ಬರೆಯುವ ನ್ಯಾಯಾಧೀಶರಿಗೆ ಇಂಥದ್ದೆಲ್ಲ ಹೇಗೆ ಹೊಳೆದೀತು?

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯೇ ಮೊದಲು ರಾಜಿಗೆ ಯತ್ನಿಸಬೇಕು ಎನ್ನುತ್ತದೆ. 2013ರಲ್ಲಿ ಕೆ. ಶ್ರೀನಿವಾಸ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಜಗಳಗಳನ್ನು ಮಧ್ಯಸ್ಥಿಕೆ ಕೇಂದ್ರಗಳಿಗೆ ಕಳಿಸಬೇಕೆಂದಿತು. ದಾವೆ ಹೂಡುವ ಮೊದಲೇ ಅಲ್ಲಿಗೆ ಹೋಗಲು ದಾರಿಯಿರಲಿ ಎಂದೂ ಹೇಳಿತು. ಬೆಂಗಳೂರಿನಲ್ಲಿ ಹೈಕೋರ್ಟಿನ ಮಧ್ಯಸ್ಥಿಕೆ ಕೇಂದ್ರ 2007ರಿಂದಲೇ ಇದೆ.

ಹೊಡೆತ ಬಡಿತ ಇರುವ ಮನೆಯ ಮಾತು ಬೇರೆ. ಹೆದರಿದ ಹೆಂಗಸನ್ನು ಹೊಡೆದವನೆದುರು ಕೂರಿಸಿ ಒಪ್ಪಂದ ಮಾಡಿಸಬಾರದು. ಅವಳಿಗೆ ಮೊದಲು ಬೇಕಾದದ್ದು ರಕ್ಷಣೆ.

ಉಳಿದವರಿಗೆ ನನ್ನದೊಂದು ವಿನಂತಿ. ದೂರು, ಪ್ರತಿದೂರು ಬರೆಸುವ ಮೊದಲು ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಮಧ್ಯಸ್ಥಿಕೆ ಕೇಳಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ, ಆದಾಯ ಎಷ್ಟೇ ಇದ್ದರೂ ಹೆಂಗಸರಿಗೆ ಅಲ್ಲಿ ಕಾನೂನು ನೆರವು ಉಚಿತ.